ವಿಶ್ವವಿದ್ಯಾಲಯಗಳು ಖಾಸಗಿ ಫೌಂಡೇಶನ್‌ಗಳ ಜೊತೆ ಸಂಬಂಧ ಬೆಳೆಸಿ ಹಣ ತರುವುದು ಹೇಗೆ?

ಚೆನ್ನಾಗಿ ಒಂದು ಪ್ರಸ್ತಾವನೆ ಬರೆದು ಕಳಿಸಿದರೆ ದುಡ್ಡು ಬರುತ್ತದೆ ಅಂದುಕೊಂಡವರೇ ಜಾಸ್ತಿ. ಹಾಗಲ್ಲ. ಅರ್ಜಿ ಹೋಗುವ ಮುಂಚೆ ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ಕೆಲಸ ನಡೆದಿರುತ್ತದೆ.

ಮೊದಲನೆಯದು ಹುಡುಕಾಟ, ಅಂದರೆ ನಿಮ್ಮ ಕೆಲಸಕ್ಕೆ ಹೊಂದುವ ಫೌಂಡೇಶನ್ ಯಾವುದು ಅಂತ ನೋಡುವುದು. ಉದಾಹರಣೆಗೆ ಅಮೆರಿಕದಲ್ಲಿ ಖಾಸಗಿ ಫೌಂಡೇಶನ್‌ಗಳು ಪ್ರತಿ ವರ್ಷ 990-ಪಿಎಫ್ ಅನ್ನುವ ತೆರಿಗೆ ಫಾರ್ಮ್ ಸಲ್ಲಿಸಬೇಕು, ಅದನ್ನು ಯಾರು ಬೇಕಾದರೂ ನೋಡಬಹುದು, ಯಾರಿಗೆ ಎಷ್ಟು ಕೊಟ್ಟರು, ಟ್ರಸ್ಟಿಗಳು ಯಾರು ಎಲ್ಲ ಅದರಲ್ಲಿರುತ್ತದೆ. ವೆಬ್‌ಸೈಟಿನ ದೊಡ್ಡ ಮಾತುಗಳಿಗಿಂತ ಈ ಪಟ್ಟಿಯನ್ನೇ ನಂಬಿ. ಸಣ್ಣ ಮೊತ್ತ ಕೊಡುವವರ ಹತ್ತಿರ ಹೋಗಿ ಸುಮ್ನೆ ಕಟ್ಟಡಕ್ಕೆ ದುಡ್ಡು ಕೇಳಿದರೆ ಏನು ಪ್ರಯೋಜನ, ಅಲ್ವಾ?

ಆಮೇಲೆ ಪ್ರೋಗ್ರಾಂ ಆಫೀಸರ್, ಅಂದರೆ ಫೌಂಡೇಶನ್‌ನಲ್ಲಿ ಒಂದು ಕ್ಷೇತ್ರದ ಅನುದಾನಗಳನ್ನು ನೋಡಿಕೊಳ್ಳುವವರು. ಅಸಲಿ ಸಂಬಂಧ ಬೆಳೆಯುವುದು ಇವರ ಜೊತೆಗೇ. ಮೊದಲ ಮಾತಿನಲ್ಲೇ ಹಣ ಕೇಳಬೇಡಿ, "ಈ ಕೆಲಸ ನಿಮ್ಮ ಆದ್ಯತೆಗೆ ಹೊಂದುತ್ತದಾ?" ಅಂತ ಕೇಳಿ. ಕುಲಪತಿಗಳಿಗಿಂತ ಸಂಶೋಧಕರೇ ಮಾತಾಡಿದರೆ ಒಳ್ಳೆಯದು, ಪ್ರಶ್ನೆಗಳೆಲ್ಲ ಕೆಲಸದ ಬಗ್ಗೆಯೇ ಇರುತ್ತವೆ. ಎಷ್ಟೋ ಕಡೆ ಮೊದಲು ಒಂದೆರಡು ಪುಟದ ಪತ್ರ ಸಾಕು, ಹಿಡಿಸಿದರೆ ಪೂರ್ತಿ ಪ್ರಸ್ತಾವನೆ ಕೇಳುತ್ತಾರೆ.

ಒಂದೇ ಫೌಂಡೇಶನ್‌ಗೆ ಮೂರು ವಿಭಾಗದವರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಅರ್ಜಿ ಹಾಕಿದರೆ ಮುಜುಗರ. ಅದಕ್ಕೇ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೆಂದೇ ಒಂದು ಕಚೇರಿ ಇರುತ್ತದೆ.

ಹಣ ಬಂದ ಮೇಲೆ ಮರೆತುಬಿಡುವವರೂ ಇದ್ದಾರೆ, ನನ್ನ ಪ್ರಕಾರ ಎರಡನೇ ಅನುದಾನ ತಪ್ಪುವುದು ಇಲ್ಲೇ. ಯೋಜನೆಗೆ ಬೇಕಾದವರ ನೇಮಕಾತಿ ತಡವಾಯಿತಾ? ವಾರ್ಷಿಕ ವರದಿವರೆಗೆ ಕಾಯಬೇಡಿ, ಅವತ್ತೇ ಒಂದು ಮೇಲ್ ಹಾಕಿ.