ಒಂದೇ ಪುಸ್ತಕ ಪ್ರಾಥಮಿಕ ಆಕರವೂ ದ್ವಿತೀಯಕ ಆಕರವೂ ಆಗಬಹುದೇ?

ಖಂಡಿತ ಆಗಬಹುದು. ಆಯಾ ಕಾಲದವರೇ ಬಿಟ್ಟುಹೋದ ಬರಹ, ಶಾಸನಗಳು ಇತಿಹಾಸಕ್ಕೆ ಪ್ರಾಥಮಿಕ ಆಕರ; ಅವುಗಳನ್ನು ಆಧರಿಸಿ ಆಮೇಲೆ ಬರೆದದ್ದು ದ್ವಿತೀಯಕ ಆಕರ. ನೀವು ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೀರಿ ಅನ್ನುವುದರ ಮೇಲೆ ಅದು ನಿಂತಿದೆ.

ವಿಜಯನಗರವನ್ನೇ ನೋಡಿ. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ 1520ರ ಸುಮಾರಿಗೆ ಅಲ್ಲಿದ್ದ. ಕೃಷ್ಣದೇವರಾಯನನ್ನು ಕಣ್ಣಾರೆ ಕಂಡು, ಮುಖದ ಸಿಡುಬಿನ ಕಲೆಯನ್ನೂ ಬಿಡದೆ ಬರೆದ. ಇದು ಪ್ರಾಥಮಿಕ ಆಕರ. ಇಂಥ ಬರಹ, ಶಾಸನಗಳನ್ನೆಲ್ಲ ಜೋಡಿಸಿ ಬ್ರಿಟಿಷ್ ಅಧಿಕಾರಿ ರಾಬರ್ಟ್ ಸೆವೆಲ್ 1900ರಲ್ಲಿ ಪ್ರಕಟಿಸಿದ ಇತಿಹಾಸ ದ್ವಿತೀಯಕ. ಆದರೆ ಬ್ರಿಟಿಷ್ ಅಧಿಕಾರಿಗಳು ವಿಜಯನಗರವನ್ನು ಹೇಗೆ ಕಂಡರು ಅನ್ನುವುದು ನಿಮ್ಮ ಪ್ರಶ್ನೆಯಾದರೆ, ಸೆವೆಲ್ ಪುಸ್ತಕವೇ ಪ್ರಾಥಮಿಕ ಆಕರ!

ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್ ಕಥೆ ಇನ್ನೂ ಮಜವಾಗಿದೆ. 1535ರ ಸುಮಾರಿಗೆ ಅಲ್ಲಿದ್ದ ಅವನು ಅಚ್ಯುತರಾಯನ ಆಸ್ಥಾನದ ಬಗ್ಗೆ ಬರೆದದ್ದು ತನ್ನ ಕಾಲದ ಸಂಗತಿ, ಅಂದರೆ ಪ್ರಾಥಮಿಕ. 14ನೇ ಶತಮಾನದ ದೊರೆಗಳ ಬಗ್ಗೆ ಬರೆದದ್ದು ಬೇರೆಯವರಿಂದ ತಿಳಿದದ್ದು, ಅಂದರೆ ದ್ವಿತೀಯಕ. ಅಲ್ಲಿ ಹೆಸರು, ಇಸವಿ ಎಡವಟ್ಟಾಗಿವೆ. ಶಾಸನಗಳ ಜೊತೆ ಇಟ್ಟು ನೋಡಲೇಬೇಕು.

ಹಾಗಂತ ಪ್ರಾಥಮಿಕ ಅಂದರೆ ಪೂರ್ತಿ ನಿಜ ಅಂತಲ್ಲ. ಎಷ್ಟೋ ಶಾಸನ ಬರೆಸಿದ್ದು ರಾಜರೇ, ಹೊಗಳಿಕೆ ಜಾಸ್ತಿ ಇರುತ್ತೆ ಅಲ್ವಾ. ನಾನಂತೂ ಯುದ್ಧದ ಬಿರುದುಗಳಿಗಿಂತ ದಾನ ಕೊಟ್ಟ ಹೊಲದ ಗಡಿ, ತೆರಿಗೆಯ ಹೆಸರು, ಇಂಥ ಒಣ ವಿವರಗಳನ್ನೇ ಹೆಚ್ಚು ನಂಬುತ್ತೇನೆ.