ಚೀನೀ ಸಹೋದ್ಯೋಗಿಗೆ ಇಂಗ್ಲಿಷಿನ ದೊಡ್ಡ ಪದಗಳು ತಲೆಯಲ್ಲಿ ನಿಲ್ಲುತ್ತಿಲ್ಲ, ಏನು ಮಾಡಬೇಕು?

ನಿಮ್ಮ ಸಹೋದ್ಯೋಗಿ ಆ್ಯಪ್ ಇಟ್ಟುಕೊಂಡು ದಿನಕ್ಕೆ ಐವತ್ತು ಪದ ಉರು ಹೊಡೆಯುತ್ತಾರೆ, ವಾರ ಕಳೆದರೆ ಹತ್ತೂ ನೆನಪಿರಲ್ಲ ಅಂತ ಬರೆದಿದ್ದೀರಿ. ಓದೋಕೆ ಅಂತ ಅಮೆರಿಕದಲ್ಲಿದ್ದಾಗ ಎರಡು ವರ್ಷ ಚೀನಾದ ಚೆಂಗ್ಡು ಊರಿನ ಹುಡುಗನೊಬ್ಬನ ಜೊತೆ ಒಂದೇ ಮನೆಯಲ್ಲಿದ್ದೆ. ಅವನದೂ ಇದೇ ಗೋಳು.

ಅವನ ಹತ್ತಿರ ಒಂದು ದಪ್ಪ ಕೆಂಪು ಪದಪುಸ್ತಕ ಇತ್ತು. ‘ಎ’ ಅಕ್ಷರದ ಪುಟಗಳು ಮಾತ್ರ ಕೈಬೆವರಿಗೆ ಕಪ್ಪಾಗಿದ್ದವು. ಮುಂದಿನದೆಲ್ಲ ಹೊಸದರ ಹಾಗೇ ಇತ್ತು. ಚೀನಾದಲ್ಲಿ ಇದೊಂದು ಹಳೇ ಜೋಕು: ಪಟ್ಟಿಯ ಮೊದಲ ಪದವೇ ‘ಅಬ್ಯಾಂಡನ್’, ಅಂದರೆ ಕೈಬಿಡು. ಎಲ್ಲರೂ ಅಲ್ಲಿಗೇ ಕೈಬಿಡುತ್ತಾರೆ.

ಹೀಗೆ ಉರು ಹೊಡೆಯೋದಕ್ಕೆ ಅವರು ‘ಬೇಯ್ ದಾನ್‌ತ್ಸಿ’ ಅನ್ನುತ್ತಾರೆ. ದಾನ್‌ತ್ಸಿ ಅಂದರೆ ಪದ. ‘ಬೇಯ್’ ಅಂದರೆ ಬಾಯಿಪಾಠ ಒಪ್ಪಿಸೋದು, ಬೆನ್ನಿಗೂ ಅದೇ ಅಕ್ಷರ. ಅದಕ್ಕೆ ಒಂದು ತಮಾಷೆಯ ಉಪಾಯವೂ ಇದೆ. ಇಂಗ್ಲಿಷ್ ಪದದ ಸದ್ದಿಗೆ ಹತ್ತಿರದ ಚೀನೀ ಮಾತು ಹುಡುಕೋದು. ‘ಆ್ಯಂಬುಲೆನ್ಸ್’ಗೆ ‘ಆನ್ ಬು ನಂಗ್ ಸಿ’, ಅಂದರೆ ‘ನಾನು ಸಾಯೋ ಹಾಗಿಲ್ಲ’. ‘ಆ್ಯಗನಿ’ಗೆ ‘ಐ ಗ್ವೊ ನಿ’, ಅಂದರೆ ‘ನಿನ್ನನ್ನ ಒಂದು ಕಾಲದಲ್ಲಿ ಪ್ರೀತಿಸಿದ್ದೆ’. ಯಾತನೆಗೆ ಇದಕ್ಕಿಂತ ಒಳ್ಳೆ ಅರ್ಥ ಬೇಕಾ! ಆದರೆ ಹತ್ತು ಪದಕ್ಕೆ ಇದು ಚೆನ್ನಾಗಿರುತ್ತೆ, ಸಾವಿರ ಪದಕ್ಕೆ ಆಗಲ್ಲ. ಉಚ್ಚಾರವೂ ಕೆಡುತ್ತೆ.

ನಮಗೂ ಅವರಿಗೂ ಒಂದು ವ್ಯತ್ಯಾಸ ಇದೆ. ಇಂಗ್ಲಿಷ್ ಓದದ ನಮ್ಮಜ್ಜಿಯ ಬಾಯಲ್ಲೂ ಬಸ್ಸು, ಫೋನು, ಟೆನ್ಷನ್ ಇರುತ್ತೆ. ಚೀನೀ ಭಾಷೆಯಲ್ಲಿ ಕಾಫಿ, ಸೋಫಾದಂಥ ಕೆಲವು ಬಿಟ್ಟರೆ ಎರವಲು ಕಡಿಮೆ. ಇರೋ ಪದಗಳನ್ನೇ ಜೋಡಿಸುತ್ತಾರೆ. ಫೋನ್ ಅಂದರೆ ‘ವಿದ್ಯುತ್ ಮಾತು’, ಕಂಪ್ಯೂಟರ್ ‘ವಿದ್ಯುತ್ ಮಿದುಳು’, ರೈಲು ‘ಬೆಂಕಿ ಗಾಡಿ’. ಪದ ನೋಡಿದರೆ ಅರ್ಥ ಎದುರಿಗೇ ಇರುತ್ತೆ. ಇಂಗ್ಲಿಷಿನ ದೊಡ್ಡ ಪದ ಅವರಿಗೆ ಬೀಗ ಹಾಕಿದ ಪೆಟ್ಟಿಗೆ.

ಒಂದು ಚಳಿಗಾಲ ಅವನಿಗೆ ಕೆಮ್ಮು ಬಿಡಲೇ ಇಲ್ಲ. ಡಾಕ್ಟರು ‘ಬ್ರಾಂಕೈಟಿಸ್’ ಅಂದರು. ಮೊಬೈಲಿನಲ್ಲಿ ಹುಡುಕಿ ನೋಡಿದವನು ರೇಗಿಬಿಟ್ಟ. ಚೀನೀಯಲ್ಲಿ ಅದು ‘ಜಿ ಚಿ ಗ್ವಾನ್ ಯೆನ್’, ಕವಲು ಉಸಿರು ಕೊಳವೆ ಉರಿ. “ಹಾಗೆ ಹೇಳಬಾರದಿತ್ತಾ?” ‘ಯೆನ್’ ಅನ್ನೋ ಅಕ್ಷರ ಬರೆದು ತೋರಿಸಿದ. ಬೆಂಕಿ ಅನ್ನೋ ಅಕ್ಷರ, ಅದರ ತಲೆ ಮೇಲೆ ಇನ್ನೊಂದು ಬೆಂಕಿ. ನಾವೂ ‘ಉರಿಯೂತ’ ಅಂತಲೇ ಅಲ್ವಾ ಅನ್ನೋದು, ಅಂದೆ.

ಅವತ್ತು ರಾತ್ರಿ ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿದೆವು. ‘ಐಟಿಸ್’ ಅಂದರೆ ಯೆನ್. ಹೆಪಟೈಟಿಸ್ ಅಂದರೆ ಗಾನ್‌ಯೆನ್, ಪಿತ್ತಜನಕಾಂಗದ್ದು. ಗ್ಯಾಸ್ಟ್ರೈಟಿಸ್ ಅಂದರೆ ವೇಯ್‌ಯೆನ್, ಹೊಟ್ಟೆಯದು. ಆರ್ಥ್ರೈಟಿಸ್ ಕೀಲಿನದು. ಗ್ರೀಕ್, ಲ್ಯಾಟಿನ್ ಬೇರುಗಳು ಚೀನೀ ಅಕ್ಷರಗಳ ಹಾಗೇ ಕೆಲಸ ಮಾಡುತ್ತವೆ ಅಂತ ಹೊಳೆದ ಮೇಲೆ ಅವನು ಪಟ್ಟಿ ಓದೋದು ಬಿಟ್ಟು ಬೇರು ಹುಡುಕೋಕೆ ಶುರು ಮಾಡಿದ. ಬೇರು ಕೈ ಕೊಡೋದೂ ಉಂಟು. ‘ಪೆಡೆಸ್ಟ್ರಿಯನ್’ನಲ್ಲಿ ಇರೋದು ಕಾಲು, ‘ಪೀಡಿಯಾಟ್ರಿಕ್’ನಲ್ಲಿ ಇರೋದು ಮಗು. ಅಂಥವನ್ನು ಬೇರೆ ಬರೆದಿಟ್ಟುಕೊಂಡರಾಯಿತು.

ಆದರೆ ಬೇರಿಗೆ ಸಿಗದ ಇನ್ನೊಂದಿದೆ, ಪದದ ಸಹವಾಸ. ಅವನು ಒಮ್ಮೆ ಪ್ರೊಫೆಸರ್‌ಗೆ ‘ನಿಮ್ಮ ಆಬ್ಸ್ಟಿನೇಟ್ ಸಹಾಯಕ್ಕೆ ಥ್ಯಾಂಕ್ಸ್’ ಅಂತ ಮೇಲ್ ಹಾಕಿದ್ದ. ಅವನ ಪುಸ್ತಕದಲ್ಲಿ ಆ ಪದದ ಮುಂದೆ ‘ಪಟ್ಟು ಬಿಡದ’ ಅನ್ನೋ ಅರ್ಥದ ಚೀನೀ ಪದ ಇತ್ತು. ಪ್ರೊಫೆಸರ್ ಓದಿಕೊಂಡಿದ್ದು ‘ಹಟಮಾರಿ’. ಮಳೆ ಚೀನೀಯಲ್ಲಿ ‘ದೊಡ್ಡದು’, ನಮ್ಮಲ್ಲಿ ‘ಜೋರು’, ಇಂಗ್ಲಿಷಿನಲ್ಲಿ ‘ಹೆವಿ’. ಇದಕ್ಕೆ ಕಾರಣ ಕೇಳಬಾರದು. ಜೋಡಿಯಾಗಿಯೇ ಕಲಿಯಬೇಕು. ಅದಕ್ಕೇ ನಿಮ್ಮ ಸಹೋದ್ಯೋಗಿ ಪದ ಕಲಿಯೋ ಕಾರ್ಡಿನ ಹಿಂದೆ ಚೀನೀ ಅರ್ಥ ಒಂದೇ ಇದ್ದರೆ ಸಾಲದು. ಆ ಪದ ಅವರ ಕಣ್ಣಿಗೆ ಬಿದ್ದ ಇಡೀ ವಾಕ್ಯ ಇರಲಿ. ಅವರಿಗೆ ಇಷ್ಟದ ಒಂದೇ ವಿಷಯ, ಅಡುಗೆನೋ ಷೇರು ಮಾರುಕಟ್ಟೆನೋ, ಒಂದು ತಿಂಗಳು ಅದನ್ನೇ ಓದಲಿ. ಅವೇ ಪದಗಳು ಮತ್ತೆ ಮತ್ತೆ ಎದುರಾಗುತ್ತವೆ.

ನನ್ನ ಪ್ರಕಾರ ಇನ್ನೊಂದು ತಪ್ಪು ‘ದೊಡ್ಡ ಪದ’ ಅನ್ನೋ ಲೆಕ್ಕಾಚಾರವೇ. ‘ಟಾಲರೇಟ್’, ಅಂದರೆ ಸಹಿಸಿಕೊಳ್ಳು, ಎಲ್ಲ ಪಟ್ಟಿಯಲ್ಲೂ ಸಿಗುತ್ತೆ. ಅದೇ ಅರ್ಥದ ‘ಪುಟ್ ಅಪ್ ವಿತ್’ ಹೆಚ್ಚಿನ ಪಟ್ಟಿಗಳಲ್ಲಿ ಇರಲ್ಲ. ಆಫೀಸಿನ ಮಾತಿನಲ್ಲಿ ಜಾಸ್ತಿ ಕೇಳಿಸೋದು ಎರಡನೆಯದು. ಮೂರೂ ಪುಟ್ಟ ಪದಗಳೇ, ಸೇರಿದಾಗ ಅರ್ಥ ಎಲ್ಲಿಗೋ ಹೋಗುತ್ತೆ.

ಆ್ಯಪ್ ಬಿಡಿಸೋದೇನೂ ಬೇಡ. ಐವತ್ತನ್ನು ಎಂಟಕ್ಕೆ ಇಳಿಸಲಿ. ನಾಳೆ ಟೀ ಕುಡಿಯುವಾಗ ಅವರ ಕೈಯಲ್ಲಿ ಆ ಎರಡು ಬೆಂಕಿಯ ಅಕ್ಷರ ಬರೆಸಿ, ಪಕ್ಕದಲ್ಲಿ ನೀವು ‘ಐಟಿಸ್’ ಅಂತ ಬರೆಯಿರಿ. ಮುಂದಿನದು ಅವರೇ ಶುರು ಮಾಡುತ್ತಾರೆ.