ಓದುಗರ ಪ್ರಶ್ನೆ: ಪಂಪು ಚಾಲೂ ಮಾಡಿದೊಡನೆ ಜನರೇಟರ್ ಟ್ರಿಪ್ ಆಗುವುದೇಕೆ?

ಪ್ರಶ್ನೆ: ನಮ್ಮ ಮನೆ ಸಪ್ತಾಪುರದಲ್ಲಿದೆ. ಮಳೆಗಾಲದಲ್ಲಿ ಟೊಂಗೆ ಮುರಿದು ತಂತಿಯ ಮೇಲೆ ಬಿದ್ದರೆ ತಾಸುಗಟ್ಟಲೆ ಕರೆಂಟ್ ಇರುವುದಿಲ್ಲವೆಂದು 5 ಕೆ.ವಿ.ಎ. ಪೆಟ್ರೋಲ್ ಜನರೇಟರ್ ತಂದಿದ್ದೇವೆ. ಮನೆಯಲ್ಲಿ ಒಂದೂವರೆ ಎಚ್.ಪಿ. ಬೋರ್‌ವೆಲ್ ಪಂಪು, ಗೀಸರ್, ಒಂದೂವರೆ ಟನ್ನಿನ ಎ.ಸಿ. ಮತ್ತು ಫ್ರಿಜ್ ಇವೆ. ಅತ್ತೆಯವರಿಗೆ ಆಕ್ಸಿಜನ್ ಕಾನ್ಸನ್‌ಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರ) ಬೇಕಾಗುತ್ತದೆ. ಪಂಪು ಚಾಲೂ ಮಾಡಿದೊಡನೆ ಜನರೇಟರ್ ಟ್ರಿಪ್ ಆಗಿ ಎಲ್ಲವೂ ನಿಂತುಬಿಡುತ್ತದೆ. 10 ಕೆ.ವಿ.ಎ. ಜನರೇಟರ್ ಕೊಳ್ಳಬೇಕೆ?
– ಓದುಗರೊಬ್ಬರು, ಧಾರವಾಡ

ಉತ್ತರ: ಈಗಲೇ ಬೇಡ. ಇರುವ ಯಂತ್ರದ ಮೇಲೆ ಏಕಕಾಲಕ್ಕೆ ಯಾವುದೆಲ್ಲ ಓಡಬೇಕೆಂಬುದನ್ನು ಮೊದಲು ನಿರ್ಧರಿಸಿ, ಆ ನಿರ್ಧಾರವನ್ನು ಮನೆಯವರ ನೆನಪಿಗೆ ಬಿಡದೆ ವೈರಿಂಗಿನಲ್ಲಿಯೇ ಅಳವಡಿಸಬೇಕು.

ಪವರ್ ಫ್ಯಾಕ್ಟರ್ (ಕೆ.ವಿ.ಎ.ಯಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.8 ಎಂದು ಹಿಡಿದರೆ 5 ಕೆ.ವಿ.ಎ. ಎಂದರೆ 4 ಕಿಲೋವ್ಯಾಟ್. ಧಾರವಾಡವು ಸಮುದ್ರಮಟ್ಟದಿಂದ ಸುಮಾರು 700 ಮೀಟರಿಗಿಂತ ಎತ್ತರದಲ್ಲಿದ್ದು, ಸಾಮಾನ್ಯ ಪೆಟ್ರೋಲ್ ಎಂಜಿನ್ ಪ್ರತಿ 300 ಮೀಟರಿಗೆ ಸುಮಾರು ಶೇ. 3.5ರಷ್ಟು ಶಕ್ತಿಯನ್ನು ಕಳೆದುಕೊಳ್ಳುವುದರಿಂದ, ಬಹಳ ಹೊತ್ತು ಓಡಿಸುವಾಗ 3 ಕಿಲೋವ್ಯಾಟ್ ದಾಟದಿರುವುದು ಕ್ಷೇಮ. ನಿಮ್ಮ ಪಂಪು, ಗೀಸರ್ ಮತ್ತು ಎ.ಸಿ. ಕೂಡಿದರೆ 5 ಕಿಲೋವ್ಯಾಟ್ ಮೀರುತ್ತದೆ. ಇದಕ್ಕಿಂತ ದೊಡ್ಡ ತೊಡಕೆಂದರೆ ಮೋಟರು ಚಾಲೂ ಆಗುವ ಕ್ಷಣದ್ದು. ಓಡುವಾಗ 9-10 ಆಂಪಿಯರ್ ಎಳೆಯುವ ಪಂಪು ಆ ಕ್ಷಣದಲ್ಲಿ ಅದರ ನಾಲ್ಕೈದು ಪಟ್ಟು ಕೇಳುತ್ತದೆ. 230 ವೋಲ್ಟಿನಲ್ಲಿ ನಿಮ್ಮ ಜನರೇಟರ್ ಕೊಡಬಲ್ಲದ್ದು ಸುಮಾರು 21 ಆಂಪಿಯರ್ ಮಾತ್ರ. ಎಂಜಿನ್ನಿನ ವೇಗ ಕುಸಿದು, ವೋಲ್ಟೇಜ್ ಇಳಿದು, ಬ್ರೇಕರ್ ಬೀಳುವುದು ಇದರಿಂದಲೇ.

ಆದ್ದರಿಂದ ಕಾನ್ಸನ್‌ಟ್ರೇಟರ್, ದೀಪ, ಫ್ಯಾನು ಮತ್ತು ಫ್ರಿಜ್ಜಿನ ಸರ್ಕ್ಯೂಟುಗಳನ್ನು ಬೇರೆ ಡಿಸ್ಟ್ರಿಬ್ಯೂಷನ್ ಬೋರ್ಡಿಗೆ ತೆಗೆದುಕೊಳ್ಳಿರಿ. ಇವು ಎಂದಿಗೂ ಕಡಿತಗೊಳ್ಳಬಾರದು. ಗೀಸರ್ ಮತ್ತು ಎ.ಸಿ.ಗಳ ಸರ್ಕ್ಯೂಟಿನಲ್ಲಿ ಒಂದೊಂದು ಕಾಂಟ್ಯಾಕ್ಟರ್ (ವಿದ್ಯುತ್ತಿನಿಂದ ನಡೆಯುವ ದೊಡ್ಡ ಸ್ವಿಚ್) ಹಾಕಿಸಿ, ಜನರೇಟರಿನ ಲೈನಿನಿಂದ ನಡೆಯುವ ಒಂದು ಚಿಕ್ಕ ರಿಲೇ (ಅಂಥದೇ ಸಣ್ಣ ಸ್ವಿಚ್) ಅವುಗಳನ್ನು ತಡೆಯುವಂತೆ ಮಾಡಿಸಿದರೆ, ಜನರೇಟರ್ ಓಡುವಷ್ಟು ಹೊತ್ತು ಅವು ತಾವಾಗಿಯೇ ಬಂದ್ ಇರುತ್ತವೆ ಮತ್ತು ಹೆಸ್ಕಾಂ ಕರೆಂಟ್ ಬಂದೊಡನೆ ಮೊದಲಿನಂತಾಗುತ್ತವೆ. ಎ.ಸಿ.ಗೆ ಮೂರರಿಂದ ಐದು ನಿಮಿಷ ತಡೆದು ಚಾಲೂ ಮಾಡುವ ಟೈಮರ್ ಸೇರಿಸಿರಿ. ಕಂಪ್ರೆಸರಿನೊಳಗಿನ ಒತ್ತಡ ಇಳಿಯಲು ಅಷ್ಟು ಸಮಯ ಬೇಕು. ಲೋಡ್ ಹೆಚ್ಚಾಗಿ ಎಂಜಿನ್ನಿನ ವೇಗ ಕುಸಿದು ಫ್ರೀಕ್ವೆನ್ಸಿ 50 ಹರ್ಟ್ಜ್‌ಗಿಂತ ಬಹಳ ಕೆಳಗಿಳಿದೊಡನೆ ಲೋಡನ್ನು ತಾನೇ ಕಡಿದು, ಕೆಲ ನಿಮಿಷಗಳ ನಂತರ ಮತ್ತೆ ಜೋಡಿಸುವ ಮಾಡ್ಯೂಲುಗಳೂ ಇವೆ, ಆದರೆ ಇಷ್ಟು ಚಿಕ್ಕ ಜನರೇಟರಿಗೆ ರಿಲೇ ಸಾಕೆಂಬುದು ನನ್ನ ಅಭಿಪ್ರಾಯ.

ಪಂಪನ್ನು ಜನರೇಟರಿನ ಮೇಲೆ ಹಾಕದಿರುವುದೇ ಲೇಸು. ಕರೆಂಟ್ ಇರುವಾಗಲೇ ಮೇಲಿನ ಟಾಕಿ ತುಂಬಿಸಿಡುವುದು ಎಲ್ಲಕ್ಕಿಂತ ಅಗ್ಗದ ಲೋಡ್ ನಿರ್ವಹಣೆ. ಜನರೇಟರಿನ ಮೇಲೆ ನೀರೆತ್ತಲೇಬೇಕಾದ ಮನೆಗೆ ಮಾತ್ರ ದೊಡ್ಡ ಯಂತ್ರದ ಅಗತ್ಯವಿದೆ.

ಅತ್ತೆಯವರ ವಿಷಯವನ್ನು ಒತ್ತಿ ಹೇಳಬೇಕಾಗಿದೆ. ಕರೆಂಟ್ ಹೋಗಿ ಜನರೇಟರ್ ಚಾಲೂ ಆಗುವವರೆಗಿನ ನಿಮಿಷಗಳಲ್ಲಿಯೂ ಅವರ ಯಂತ್ರ ನಿಲ್ಲಬಾರದು. ನಿಮಿಷಕ್ಕೆ ಐದು ಲೀಟರ್ ಆಕ್ಸಿಜನ್ ಕೊಡುವ ಕಾನ್ಸನ್‌ಟ್ರೇಟರ್ ಸುಮಾರು 350 ವ್ಯಾಟ್ ಬಳಸುತ್ತದೆ. ಅದನ್ನು ಶುದ್ಧ ಸೈನ್ ವೇವ್ ಇನ್ವರ್ಟರಿನ ಮೇಲೆ ಇಟ್ಟು, ತುಂಬಿದ ಆಕ್ಸಿಜನ್ ಸಿಲಿಂಡರೊಂದನ್ನು ಹತ್ತಿರವೇ ಇರಿಸಿಕೊಳ್ಳಿರಿ.

ಜೋಡಣೆಯನ್ನು ಲೈಸೆನ್ಸ್ ಇರುವ ಗುತ್ತಿಗೆದಾರರಿಂದಲೇ ಮಾಡಿಸಿರಿ. ಮನೆಯನ್ನು ಹೆಸ್ಕಾಂ ಲೈನಿಗೆ ಇಲ್ಲವೆ ಜನರೇಟರಿಗೆ, ಎರಡರಲ್ಲೊಂದಕ್ಕೆ ಮಾತ್ರ ಜೋಡಿಸುವ, ನ್ಯೂಟ್ರಲ್ಲನ್ನೂ ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಪ್ಲಗ್ಗಿನ ಮೂಲಕ ಮನೆಗೆ ಜನರೇಟರ್ ಕೊಡುವ ರೂಢಿ ಪ್ರಾಣಾಂತಕ. ಆ ಕರೆಂಟ್ ಹಿಮ್ಮುಖವಾಗಿ ಟ್ರಾನ್ಸ್‌ಫಾರ್ಮರ್ ಹೊಕ್ಕರೆ 11,000 ವೋಲ್ಟಿನ ಲೈನನ್ನೇ ಜೀವಂತಗೊಳಿಸಬಲ್ಲದು, ಮತ್ತು ಆ ಹೊತ್ತಿಗೆ ಮಳೆಯಲ್ಲಿ ಕಂಬವೇರಿ ನಿಮಗಾಗಿಯೇ ದುಡಿಯುತ್ತಿರುವ ಲೈನ್‌ಮನ್ ಆ ತಂತಿಯನ್ನು ಹಿಡಿದಿರುತ್ತಾರೆ. ಮಳೆ ತಾಗದಿರಲೆಂದು ಜನರೇಟರನ್ನು ಮುಚ್ಚಿದ ಪಡಸಾಲೆಯಲ್ಲಾಗಲಿ, ಜಿನೆಯ ಕೆಳಗಾಗಲಿ ಓಡಿಸಬೇಡಿರಿ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಪ್ರಶ್ನೆ: ನಮ್ಮದು ತ್ರೀ ಫೇಸ್ ಮೀಟರ್. ಸಿಂಗಲ್ ಫೇಸ್ ಜನರೇಟರನ್ನು ಮೂರೂ ಫೇಸುಗಳಿಗೆ ಕೊಡಬಹುದೆ?
– ಓದುಗರೊಬ್ಬರು, ರಾಣೆಬೆನ್ನೂರು

ಉತ್ತರ: ಕೊಡಬಹುದು. ನಾಲ್ಕು ಪೋಲಿನ ಚೇಂಜ್‌ಓವರಿನಲ್ಲಿ ಜನರೇಟರ್ ಬದಿಯ ಮೂರು ಫೇಸ್ ಟರ್ಮಿನಲ್ಲುಗಳನ್ನು ಒಂದುಗೂಡಿಸುತ್ತಾರೆ. ಆಗ ಮೂರೂ ಫೇಸುಗಳ ಕರೆಂಟ್ ಒಂದೇ ನ್ಯೂಟ್ರಲ್ಲಿನಲ್ಲಿ ಕೂಡುವುದರಿಂದ ಆ ತಂತಿಯ ದಪ್ಪವನ್ನು ಪರೀಕ್ಷಿಸಿರಿ. ತ್ರೀ ಫೇಸ್ ಮೋಟರನ್ನು ಮಾತ್ರ ಇದರ ಮೇಲೆ ಓಡಿಸಲಾಗದು. ಮೂರೂ ಫೇಸುಗಳು ಒಂದೇ ಆಗಿರುವಾಗ ಅವುಗಳ ನಡುವೆ ವೋಲ್ಟೇಜ್ ಇರದ ಕಾರಣ ಅದು ತಿರುಗುವುದೇ ಇಲ್ಲ.